ಕೊಡುವವನಿಗೆ ಮಾತ್ರ ಅಳತೆ, ಕೊಳ್ಳುವವನಿಗೆ ಬೇಡವೇ?

ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಳ್ಳುವ ಕೆಲಸ ಈಗ ಮೊದಲಿಂದ ಕೊನೆವರೆಗೆ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಫ್ರೂಟ್ಸ್ ನಂಬರ್ ಇರಬೇಕು. ಅದಕ್ಕೆ ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಜೋಡಿಸಿರಬೇಕು. ಬೆಳೆ ಸಮೀಕ್ಷೆಯಲ್ಲಿ ನಮ್ಮ ಹೊಲದಲ್ಲಿ ರಾಗಿ ಅಂತಲೇ ಬಂದಿರಬೇಕು. ಆಮೇಲೆ ಖರೀದಿ ಕೇಂದ್ರಕ್ಕೆ ಹೋಗಿ ಹೆಬ್ಬೆಟ್ಟು ಒತ್ತಿ ಹೆಸರು ಬರೆಸಬೇಕು. ಸರದಿ ಬಂದಾಗ ರಾಗಿ ಒಯ್ಯಬೇಕು. ತೇವ ನೂರಕ್ಕೆ 12 ಮೀರಬಾರದು. ಕಲ್ಲು ಮಣ್ಣು ಇರಬಾರದು. ಬೇರೆ ಕಾಳು ಬೆರೆತಿರಬಾರದು. ಇಷ್ಟೂ ಆದರೆ ರಾಗಿ ಇಳಿಸಿಕೊಳ್ಳುತ್ತಾರೆ.

ಇದರಲ್ಲಿ ಯಾವುದನ್ನೂ ನಾನು ತಪ್ಪು ಅನ್ನೋದಿಲ್ಲ. ನೂರಾರು ಸಾವಿರ ಜನರ ರಾಗಿ ಕೊಳ್ಳಬೇಕಾದರೆ ಕಟ್ಟುಪಾಡು ಬೇಕು. ಕಾಗದದ ಕಾಲದಲ್ಲಿ ಯಾರ ರಾಗಿ ಯಾರ ಹೆಸರಿಗೆ ಹೋಗ್ತಿತ್ತೋ ಯಾರಿಗೂ ಗೊತ್ತಾಗ್ತಿರಲಿಲ್ಲ. ಈಗ ಹಣ ನೇರ ನಮ್ಮ ಖಾತೆಗೆ ಬೀಳುತ್ತದೆ. ಇದು ಒಳ್ಳೇದೇ.

ನನ್ನ ತಕರಾರು ಒಂದೇ. ಮೇಲೆ ಹೇಳಿದ ಪಟ್ಟಿಯನ್ನು ಇನ್ನೊಂದು ಸಲ ಓದಿ ನೋಡಿ. ಎಲ್ಲ ನಿಯಮವೂ ಕೊಡುವವನ ಮೇಲೆ. ಕೊಳ್ಳುವವನು ಎಷ್ಟು ದಿನದಲ್ಲಿ ಕರೆಯಬೇಕು, ಹೇಗೆ ತೂಗಬೇಕು, ಬೇಡ ಅಂದರೆ ಕಾರಣ ಹೇಗೆ ಬರೆದುಕೊಡಬೇಕು, ಹಣ ತಡವಾದರೆ ಏನು ಕೊಡಬೇಕು, ಇದಕ್ಕೆಲ್ಲ ಅಷ್ಟೇ ಗಟ್ಟಿಯಾದ ಅಳತೆ ನಮ್ಮ ಕೈಗೆ ಸಿಗುವ ಯಾವ ಚೀಟಿಯಲ್ಲೂ ಇಲ್ಲ. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಅಂತ ಗಾದೆ ಇರೋದು ಸಾಲದ ಮಾತಿಗೆ. ರಾಗಿಗೂ ಅದೇ ಗಾದೆ ಆಗಬಾರದು.

ಕಂಪ್ಯೂಟರ್ ಖರೀದಿಗೆ ಮಾನದಂಡ ಬರೆಯುವವರು, ಅದನ್ನು ತಿದ್ದುವವರು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತಿರುತ್ತಾರೆ. ಅವರು ಬರೆಯುವುದಕ್ಕೆ ಮುಂಚೆ ನಮ್ಮ ಮಾತೂ ಕೇಳಲಿ ಅಂತ ಈ ಲೇಖನ.

ಕೊಳಗ ಹೋಗಿ ಕಿಲೋ ಬಂದ ಕತೆ

ನಮ್ಮ ದೇಶದಲ್ಲಿ ಹಿಂದೆ ಒಂದು ಸಲ ಇಡೀ ಅಳತೆಯನ್ನೇ ಬದಲು ಮಾಡಿದರು. ಆಗ ಒಂದೂರಿನ ಕೊಳಗ ಇನ್ನೊಂದೂರಿಗೆ ಆಗ್ತಿರಲಿಲ್ಲ. ಸೇರು, ಬಳ್ಳ, ಪಲ್ಲ, ಖಂಡುಗ ಎಲ್ಲ ಸೀಮೆಗೊಂದು ಲೆಕ್ಕ. ಕೊಳ್ಳುವಾಗ ದೊಡ್ಡ ಕೊಳಗ, ಮಾರುವಾಗ ಸಣ್ಣ ಕೊಳಗ ಇಟ್ಟುಕೊಂಡ ಸಾಹುಕಾರರ ಕತೆ ನಮ್ಮ ಹಿರಿಯರು ಹೇಳುತ್ತಿದ್ದರು. 1956ರಲ್ಲಿ ಕಾನೂನು ಮಾಡಿ, 1958ರ ಅಕ್ಟೋಬರಿನಿಂದ ಕಿಲೋಗ್ರಾಂ ತಂದರು. ಆದರೆ ಒಂದೇ ದಿನದಲ್ಲಿ ಹೇರಲಿಲ್ಲ. ಹಂತ ಹಂತವಾಗಿ ತಂದು, ಸ್ವಲ್ಪ ಕಾಲ ಹಳೇದು ಹೊಸದು ಎರಡೂ ನಡೆಯಲು ಬಿಟ್ಟು, 1962ರ ಹೊತ್ತಿಗೆ ಕಡ್ಡಾಯ ಮಾಡಿದರು. ಓದು ಬಾರದ ಜನವೂ ಕಲಿತುಕೊಂಡರು.

ಆ ಬದಲಾವಣೆ ಏಕೆ ನಿಂತಿತು? ಕಿಲೋ ಕಲ್ಲು ಕೊಡುವವನಿಗೂ ಒಂದೇ, ಕೊಳ್ಳುವವನಿಗೂ ಒಂದೇ. ತಕ್ಕಡಿಗೆ ಸರ್ಕಾರದ ಮುದ್ರೆ ಬೀಳಬೇಕು, ಮುದ್ರೆ ಇಲ್ಲದಿದ್ದರೆ ತಪ್ಪು ಅಂಗಡಿಯವನದು, ಗಿರಾಕಿಯದಲ್ಲ. ಇವತ್ತಿಗೂ ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯವರಿಂದ ಪರೀಕ್ಷೆ ಮಾಡಿಸಿ ಸೀಲ್ ಹಾಕಿಸಬೇಕು. ಮಾನದಂಡ ಅಂದರೆ ಹೀಗಿರಬೇಕು. ಎರಡು ತಟ್ಟೆಗೂ ಒಂದೇ ನ್ಯಾಯ.

ಬಂಡೀಪಾಳ್ಯ ಕಲಿಸುವ ಪಾಠ

ಮೈಸೂರಿನವರಿಗೆ ಬಂಡೀಪಾಳ್ಯದ ಎಪಿಎಂಸಿ ಯಾರ್ಡ್ ಗೊತ್ತು. ಎಪಿಎಂಸಿ ಕಾಯ್ದೆ ಬಂದದ್ದು 1966ರಲ್ಲಿ. ಅದಕ್ಕೆ ಮುಂಚೆ ಟವಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುವುದು ಸಾಮಾನ್ಯ. ಬೆಳೆದವನಿಗೆ ತನ್ನ ಮಾಲಿನ ರೇಟು ಕೊನೆಗೆ ಗೊತ್ತಾಗುತ್ತಿತ್ತು. ಕಾಯ್ದೆ ಬಂದ ಮೇಲೆ ಬಹಿರಂಗ ಹರಾಜು, ಟೆಂಡರ್ ಅಂತ ಬಂತು. 2014ರಲ್ಲಿ ಕರ್ನಾಟಕ ಸರ್ಕಾರ ಒಂದು ಕಂಪನಿಯ ಜತೆ ಅರ್ಧರ್ಧ ಪಾಲು ಹಾಕಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರು ಮಾಡಿತು. ಗೇಟಿನಲ್ಲೇ ಮಾಲಿಗೆ ಲಾಟ್ ನಂಬರ್. ವರ್ತಕರು ಕಂಪ್ಯೂಟರಿನಲ್ಲಿ ರೇಟು ಹಾಕಬೇಕು. ಒಬ್ಬ ಹಾಕಿದ್ದು ಇನ್ನೊಬ್ಬನಿಗೆ ಕಾಣುವುದಿಲ್ಲ. ಹೊತ್ತು ಮುಗಿದ ಮೇಲೆ ಹೆಚ್ಚಿನ ರೇಟು ಯಾವುದು ಅಂತ ತಿಳಿಸುತ್ತಾರೆ. ಒಪ್ಪಿಗೆ ಆಗದಿದ್ದರೆ ಕೊಡೋದಿಲ್ಲ ಅನ್ನುವ ಹಕ್ಕು ರೈತನಿಗಿದೆ.

ಇದರಿಂದ ಲಾಭ ಆಯಿತೇ? 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭತ್ತಕ್ಕೆ ನೂರಕ್ಕೆ 5.1, ಶೇಂಗಾಕ್ಕೆ 3.6, ಮುಸುಕಿನ ಜೋಳಕ್ಕೆ 3.5ರಷ್ಟು ರೇಟು ಏರಿತು. ಎಲ್ಲ ಬೆಳೆಗೂ ಹಾಗಾಗಲಿಲ್ಲ. ಕಂಪ್ಯೂಟರ್ ಇಟ್ಟ ತಕ್ಷಣ ರೇಟು ಏರೋದಿಲ್ಲ, ಇಟ್ಟರೆ ಏನೂ ಆಗೋದಿಲ್ಲ ಅನ್ನೋದೂ ಸುಳ್ಳು ಅಂತ ಇದರಿಂದ ತಿಳೀತದೆ.

ಇನ್ನೊಂದು ಪಾಠ ಇದೆ. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರ ಇ-ನಾಮ್ ಶುರು ಮಾಡಿತು. ನಮ್ಮ ರಾಜ್ಯದ್ದು ಒಂದು, ದೇಶದ್ದು ಇನ್ನೊಂದು. ಎರಡೂ ಕಂಪ್ಯೂಟರೇ, ಆದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಇಲ್ಲಿನ ಮಾಲು ಅಲ್ಲಿನ ವರ್ತಕನ ಕಣ್ಣಿಗೆ ಬೀಳದು. ಎರಡನ್ನೂ ಜೋಡಿಸುವ ಕೆಲಸ ಆದದ್ದು 2020ರ ಮೇ ತಿಂಗಳಿನಲ್ಲಿ. ಮೊದಲೇ ಕೂತು ಯಾವ ಕಾಳಿಗೆ ಯಾವ ಹೆಸರು, ಯಾವ ದರ್ಜೆ, ಯಾವ ನಂಬರ್ ಅಂತ ಒಂದು ಮಾನದಂಡ ಬರೆದುಕೊಂಡಿದ್ದರೆ ಈ ವರ್ಷಗಳು ಉಳಿಯುತ್ತಿದ್ದವು. ಗೋಡೆ ಎದ್ದ ಮೇಲೆ ಬಾಗಿಲು ಕೊರೆಯುವುದು ಕಷ್ಟ. ಬುನಾದಿ ಹಾಕುವಾಗಲೇ ಬಾಗಿಲು ಎಲ್ಲಿ ಅಂತ ಗುರುತು ಮಾಡಬೇಕು.

ಕಂಟ್ರಾಕ್ಟರಿಗೆ ಇರುವ ಕಾನೂನು ನಮಗೇಕಿಲ್ಲ?

ಸರ್ಕಾರ ರಾಗಿ ಮಾತ್ರ ಕೊಳ್ಳೋದಿಲ್ಲ. ಜಲ್ಲಿ, ಸಿಮೆಂಟು, ಪೈಪು, ಬೆಂಚು, ಕುರ್ಚಿ ಎಲ್ಲ ಕೊಳ್ಳುತ್ತದೆ. ಅದಕ್ಕೆ ನಮ್ಮ ರಾಜ್ಯದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇದೆ. ಟೆಂಡರ್ ಹಾಕಲು ಕನಿಷ್ಠ ಇಷ್ಟು ದಿನ ಕೊಡಬೇಕು ಅಂತ ಅದರಲ್ಲಿ ಇದೆ. ಟೆಂಡರ್ ಒಪ್ಪಿದ ಅಧಿಕಾರಿಯ ಆದೇಶ ಸರಿಯಿಲ್ಲ ಅನ್ನಿಸಿದರೆ 30 ದಿನದೊಳಗೆ ಅಪೀಲು ಹೋಗಬಹುದು. ಇದೇ ಕೆಲಸಕ್ಕೆ ಸರ್ಕಾರ ಇ-ಖರೀದಿ ಪೋರ್ಟಲ್ ಕೂಡ ಮಾಡಿತು.

ಸಣ್ಣ ಕೈಗಾರಿಕೆಯವರಿಗೆ 2006ರ ಕಾಯ್ದೆ ಇದೆ. ಮಾಲು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಚಕ್ರಬಡ್ಡಿ. ಕಬ್ಬು ಬೆಳೆಯುವವರಿಗೆ 1966ರ ಕಬ್ಬು ನಿಯಂತ್ರಣ ಆದೇಶ ಇದೆ. ಕಾರ್ಖಾನೆ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ. ಕಬ್ಬಿನವರಿಗೆ ಆ ಹಣ ಹೇಳಿದ ದಿನಕ್ಕೇ ಬರ್ತದೆ ಅಂತ ನಾನು ಹೇಳ್ತಿಲ್ಲ. ಅವರ ಪಾಡು ಅವರಿಗೇ ಗೊತ್ತು. ಆದರೆ ಕೇಳೋದಕ್ಕೆ ಒಂದು ಗೆರೆ ಇದೆ. ಆ ಗೆರೆ ತೋರಿಸಿ ಧರಣಿ ಕೂರಬಹುದು, ಕೋರ್ಟಿಗೆ ಹೋಗಬಹುದು.

ಬೆಂಚು ಮಾರುವವನಿಗೆ ಅಪೀಲು ಇದೆ, ಬೋಲ್ಟು ಮಾಡುವವನಿಗೆ ಬಡ್ಡಿ ಇದೆ, ಕಬ್ಬಿನವನಿಗೆ 14 ದಿನ ಇದೆ. ಮಳೆ ನಂಬಿ ರಾಗಿ ಬೆಳೆದು ಅದೇ ಸರ್ಕಾರಕ್ಕೆ ಕೊಡುವವನಿಗೆ ‘ನಾಳೆ ಬನ್ನಿ ಯಜಮಾನ್ರೇ’ ಅನ್ನುವ ಮಾತು ಮಾತ್ರ. ಇದು ಯಾವ ನ್ಯಾಯ?

ಒಂದು ಕಿಲೋ ಅಂದರೆ ಎಷ್ಟು?

ಕೆಲವರು ಇದೆಲ್ಲ ಸಣ್ಣ ವಿಷಯ ಅಂತಾರೆ. ಲೆಕ್ಕ ಹಾಕಿ ನೋಡೋಣ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಒಬ್ಬ ರೈತ 20 ಕ್ವಿಂಟಲ್ ಕೊಟ್ಟ ಅಂತ ಇಟ್ಟುಕೊಳ್ಳಿ. 50 ಕಿಲೋದ 40 ಚೀಲ. ಹಣ 97,720 ರೂಪಾಯಿ. ಚೀಲಕ್ಕೆ ಒಂದು ಕಿಲೋ ಹೆಚ್ಚು ಹಾಕಿಸಿಕೊಂಡರೆ 40 ಕಿಲೋ ಹೋಯಿತು. ಅಂದರೆ 1,954 ರೂಪಾಯಿ. ಬರಿ ಗೋಣಿಚೀಲ ತೂಗುವುದು ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಅಷ್ಟನ್ನು ಕಳೆಯುವುದು ಸರಿ. ಅದಕ್ಕಿಂತ ಹೆಚ್ಚು ಹೋದದ್ದು ಯಾರ ಲೆಕ್ಕಕ್ಕೆ? ‘ಸಾಗಿಸುವಾಗ ಸೋರ್ತದೆ’ ಅಂತಾರೆ. ಸೋರುವುದು ಅವರ ಲಾರಿಯಲ್ಲಿ, ತುಂಬಿಕೊಡಬೇಕಾದ್ದು ನಾವು!

ತೇವದ ಲೆಕ್ಕವೂ ಹಾಗೇ. ರಾಗಿ ಸಣ್ಣ ಕಾಳು. ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ, ಬಿಸಿಲಿಗೆ ಬಿಡುತ್ತದೆ. ಖರೀದಿ ನಡೆಯುವ ಜನವರಿ, ಫೆಬ್ರವರಿಯಲ್ಲಿ ನಮ್ಮ ಕಡೆ ಬೆಳಿಗ್ಗೆ ಮಂಜು. ರಾತ್ರಿ ಇಡೀ ಟ್ರ್ಯಾಕ್ಟರಿನಲ್ಲಿ ನಿಂತ ರಾಗಿಗೆ ಬೆಳಿಗ್ಗೆ ಎಂಟಕ್ಕೆ ಬರುವ ಅಂಕಿ ಬೇರೆ, ಮಧ್ಯಾಹ್ನ ಎರಡಕ್ಕೆ ಬರುವ ಅಂಕಿ ಬೇರೆ. ಒಮ್ಮೆ ಒಂದು ಕೇಂದ್ರದಲ್ಲಿ ನನ್ನ ಹಿಂದೆ ನಿಂತಿದ್ದ ರೈತನೊಬ್ಬನ ರಾಗಿ ಬೆಳಿಗ್ಗೆ ‘ಹಸಿ’ ಅಂತ ವಾಪಸ್ ಆಗಿ, ಅಲ್ಲೇ ಟಾರ್ಪಾಲಿನ ಮೇಲೆ ಹರಡಿದ ಮೇಲೆ ಸಂಜೆ ಹೊತ್ತಿಗೆ ‘ಸರಿ’ ಆಯಿತು. ರಾಗಿ ಅದೇ, ಯಂತ್ರ ಅದೇ. ಆದರೆ ಬೆಳಿಗ್ಗೆಯ ಅಂಕಿ ಎಷ್ಟು ಅಂತ ಯಾರೂ ಅವನಿಗೆ ತೋರಿಸಲಿಲ್ಲ, ಬರೆದೂ ಕೊಡಲಿಲ್ಲ. ಟ್ರ್ಯಾಕ್ಟರ್ ಬಾಡಿಗೆ ಒಂದು ದಿನದ್ದು ಅವನ ತಲೆಗೆ ಬಂತು.

ತಕ್ಕಡಿಗೆ ಸೀಲ್ ಕೇಳುತ್ತೇವೆ. ತೇವ ನೋಡುವ ಯಂತ್ರವನ್ನು ಕೊನೆಯ ಸಲ ಯಾವಾಗ ಸರಿ ನೋಡಿದರು ಅಂತ ಕೇಳುವ ರೂಢಿ ನಮ್ಮಲ್ಲಿ ಇಲ್ಲ. ಕೇಳಬೇಕು.

ಹೊಲದ ಲೆಕ್ಕ ಕಂಪ್ಯೂಟರಿನ ಮನೆಗೆ ಹಿಡಿಸಬೇಕು

ನಮ್ಮ ಖುಷ್ಕಿ ಹೊಲಗಳಲ್ಲಿ ರಾಗಿ ಒಂದನ್ನೇ ಬಿತ್ತುವುದು ಕಡಿಮೆ. ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಹೀಗಿರುವ ಎರಡೆಕರೆಯಲ್ಲಿ ರಾಗಿ ಎಷ್ಟು ಅಂತ ಬರೆಯಬೇಕು? ಒಬ್ಬ ಎರಡು ಅಂತ ಬರೆದರೆ ಇನ್ನೊಬ್ಬ ಒಂದೂವರೆ ಅಂತ ಬರೆಯುತ್ತಾನೆ. ಆ ಅರ್ಧ ಎಕರೆ ಖರೀದಿ ಹೊತ್ತಿಗೆ ನಮ್ಮ ಕುತ್ತಿಗೆಗೆ ಬರುತ್ತದೆ.

ಇನ್ನು ಖಾತೆ. ಅಜ್ಜ ತೀರಿಹೋಗಿ ಎಷ್ಟೋ ವರ್ಷ ಆಗಿದ್ದರೂ ಪಹಣಿ ಅವರ ಹೆಸರಲ್ಲೇ ಇರುವ ಮನೆಗಳು ಊರೂರಲ್ಲಿ ಇವೆ. ಪೌತಿ ಖಾತೆ ಆಗಬೇಕಾದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲ ಒಂದಾಗಿ ಬರಬೇಕು. ವಾರಕ್ಕೆ ಮಾಡುವವರ, ಗುತ್ತಿಗೆಗೆ ಮಾಡುವವರ ಹೆಸರು ಪಹಣಿಯಲ್ಲಿ ಇರುವುದೇ ಇಲ್ಲ. ಬೆವರು ಅವರದು, ಫ್ರೂಟ್ಸ್ ನಂಬರ್ ಮೈಸೂರಲ್ಲೋ ಬೆಂಗಳೂರಲ್ಲೋ ಇರುವ ಜಮೀನುದಾರರದು. ಅವರು ಒಪ್ಪಿದರೆ ಉಂಟು, ಇಲ್ಲವಾದರೆ ಊರ ವರ್ತಕನಿಗೆ ಅವನು ಹೇಳಿದ ರೇಟಿಗೆ ಕೊಡಬೇಕು. ಹೆಬ್ಬೆಟ್ಟೂ ಒಂದು ತೊಂದರೆ. ಕುಡುಗೋಲು, ಗುದ್ದಲಿ ಹಿಡಿದು ಸವೆದ ಬೆರಳಿನ ಗೆರೆ ಯಂತ್ರಕ್ಕೆ ಸಿಗೋದಿಲ್ಲ. ವಯಸ್ಸಾದ ಹೆಂಗಸರು ನಾಲ್ಕು ಸಲ ಕೈ ಒರೆಸಿ ಒರೆಸಿ ಒತ್ತುತ್ತಾರೆ. ಸಿಗದಿದ್ದರೆ ಮುಂದೇನು ಅಂತ ಮೊದಲೇ ಬರೆದಿರಬೇಕು.

ನಾವು ಕೇಳಬೇಕಾದ ಎಂಟು ಮಾತು

ಬರೀ ದೂರು ಹೇಳಿದರೆ ಉಪಯೋಗವಿಲ್ಲ. ಕೊಳ್ಳುವವನ ಕಡೆಯ ಮಾನದಂಡ ಹೀಗಿರಲಿ ಅಂತ ನನ್ನ ಸೂಚನೆ.

1. ನಿಯಮ ಬಿತ್ತನೆಗೆ ಮುಂಚೆ ತಿಳಿಯಬೇಕು. ಎಷ್ಟು ಕೊಳ್ಳುತ್ತಾರೆ, ಯಾರಿಂದ ಕೊಳ್ಳುತ್ತಾರೆ ಅಂತ ಮುಂಗಾರಿಗೇ ಹೇಳಲಿ. 2021-22ರಲ್ಲಿ ಸಣ್ಣ ರೈತರಿಂದ ಮಾತ್ರ, ಒಬ್ಬರಿಂದ 20 ಕ್ವಿಂಟಲ್ ಮಾತ್ರ ಅಂತ ಮಿತಿ ಬಂದಾಗ ಎಷ್ಟು ಗಲಾಟೆ ಆಯಿತು ಅನ್ನೋದು ಎಲ್ಲರಿಗೂ ನೆನಪಿದೆ. ರಾಗಿ ಮೆದೆಯಲ್ಲಿರುವಾಗ ನಿಯಮ ಬದಲಾಯಿಸಬಾರದು.

2. ಸರದಿಯ ದಿನ, ಹೊತ್ತು ಎರಡೂ ಬರೆದು ಕೊಡಬೇಕು. ಸರ್ವರ್ ಕೆಟ್ಟು ಹೋದ ದಿನಗಳನ್ನು ಲೆಕ್ಕ ಇಟ್ಟು, ಅಷ್ಟು ದಿನ ಖರೀದಿ ಮುಂದುವರಿಸಬೇಕು.

3. ತಕ್ಕಡಿಯ ಅಂಕಿ ರೈತನ ಕಡೆಗೂ ಕಾಣಬೇಕು. ಚೀಲದ ತೂಕ, ರಾಗಿಯ ತೂಕ ಬೇರೆ ಬೇರೆ ಅಚ್ಚಾಗಿ ಕೈಗೆ ಬರಬೇಕು.

4. ತೇವವನ್ನು ರೈತನ ಎದುರಿಗೆ, ಒಂದಕ್ಕಿಂತ ಹೆಚ್ಚು ಚೀಲದಿಂದ ತೆಗೆದು ನೋಡಬೇಕು. ಅಂಕಿ ಬರೆಯಬೇಕು. ಯಂತ್ರ ಪರೀಕ್ಷೆಯಾದ ದಿನಾಂಕ ಯಂತ್ರದ ಮೇಲೇ ಅಂಟಿಸಿರಬೇಕು.

5. ಬೇಡ ಅಂದರೆ ಕಾರಣ ಬರೆದು ಕೊಡಬೇಕು. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಹರಾಜಿನಲ್ಲಿ ಪ್ರತಿ ಬೇಲಿಗೂ ನಂಬರ್ ಇರುತ್ತದೆ. ಯಾರೂ ಕೂಗದಿದ್ದರೆ ‘ನೋ ಬಿಡ್’ ಅಂತ ದಾಖಲಾಗುತ್ತದೆ. ರಾಗಿಗೂ ಹಾಗೇ ಆಗಲಿ. ಒಣಗಿಸಿ, ಜರಡಿ ಹಿಡಿದು ತಂದರೆ ಮತ್ತೆ ಸರದಿಯ ಕೊನೆಗೆ ಕಳಿಸಬಾರದು. ಇನ್ನೊಬ್ಬರಿಂದ ಪರೀಕ್ಷೆ ಕೇಳುವ ಹಕ್ಕು ಇರಬೇಕು.

6. ಹಣ ಬೀಳುವ ದಿನಾಂಕ ರಸೀದಿಯಲ್ಲೇ ಇರಬೇಕು. ಕಬ್ಬಿನವರಂತೆ 14 ದಿನ. ಮೀರಿದರೆ ಬಡ್ಡಿ.

7. ಅಕ್ಕಡಿ ಹೊಲ, ಪೌತಿ ಆಗದ ಖಾತೆ, ವಾರದ ಸಾಗುವಳಿ, ಹೆಬ್ಬೆಟ್ಟು ಸಿಗದವರು, ಈ ನಾಲ್ಕಕ್ಕೂ ಬೇರೆ ದಾರಿ ಏನು ಅಂತ ನಿಯಮದಲ್ಲೇ ಬರೆಯಬೇಕು. ಅಧಿಕಾರಿಯ ದಯೆಗೆ ಬಿಡಬಾರದು.

8. ಪ್ರತಿ ಕೇಂದ್ರದಲ್ಲಿ ದಿನಕ್ಕೆ ಎಷ್ಟು ರಾಗಿ ಬಂತು, ಎಷ್ಟು ವಾಪಸ್ ಹೋಯಿತು, ಯಾವ ಕಾರಣಕ್ಕೆ ಅಂತ ಎಲ್ಲರೂ ನೋಡುವ ಹಾಗೆ ಕನ್ನಡದಲ್ಲಿ ಹಾಕಬೇಕು. ಒಂದು ಕೇಂದ್ರದಲ್ಲಿ ಮಾತ್ರ ದಿನಾ ‘ಹಸಿ’ ಅಂತ ವಾಪಸ್ ಆಗ್ತಿದ್ದರೆ ಕೆಟ್ಟಿರೋದು ರಾಗಿಯೋ ಯಂತ್ರವೋ ಅಂತ ಆಗ ತಾನೇ ಗೊತ್ತಾಗೋದು?

ಆ ಕಡೆಯ ಮಾತೂ ಕೇಳೋಣ

ಅಧಿಕಾರಿಗಳ ಮಾತಿನಲ್ಲೂ ಸತ್ಯ ಇದೆ. ‘ನಿಯಮ ಸಡಿಲ ಮಾಡಿದರೆ ವರ್ತಕರು ನುಗ್ಗುತ್ತಾರೆ. ರೈತರ ಪಹಣಿ ಇಸ್ಕೊಂಡು, ಅಗ್ಗಕ್ಕೆ ಕೊಂಡ ರಾಗಿಯನ್ನು ಬೆಂಬಲ ಬೆಲೆಗೆ ತಳ್ಳುತ್ತಾರೆ’ ಅಂತಾರೆ. ಸುಳ್ಳಲ್ಲ. ಚೀಲಕ್ಕಿಷ್ಟು ಅಂತ ಇಸ್ಕೊಂಡು ಪಹಣಿ ಕೊಡುವವರು ನಮ್ಮೊಳಗೇ ಇದ್ದಾರೆ. ಅದರಿಂದ ಹೊಡೆತ ಬೀಳೋದು ಪಕ್ಕದ ಮನೆಯ ಬಡ ರೈತನಿಗೆ, ಅವನ ಸರದಿ ಬರುವಷ್ಟರಲ್ಲಿ ಗುರಿ ಮುಗಿದಿರುತ್ತದೆ.

ಆದರೆ ಮೇಲಿನ ಎಂಟರಲ್ಲಿ ಯಾವುದೂ ಸಡಿಲಿಕೆ ಅಲ್ಲ. ತೂಕ ಅಚ್ಚು ಹಾಕಿ ಕೊಡಿ ಅಂದರೆ ವರ್ತಕನಿಗೆ ಏನು ಲಾಭ? ಕಾರಣ ಬರೆದು ಕೊಡಿ ಅಂದರೆ ಕಳ್ಳನಿಗೆ ಏನು ಅನುಕೂಲ? ನಿಜ ಹೇಳಬೇಕೆಂದರೆ ಕತ್ತಲೆ ಇದ್ದಲ್ಲೇ ದಲ್ಲಾಳಿ ಬದುಕೋದು. ಕೇಂದ್ರದಲ್ಲಿ ಮೂರು ದಿನ ಕಾಯಿಸಿದರೆ ಗೇಟಿನ ಹೊರಗೆ ‘ಇಲ್ಲೇ ಕೊಡಿ ಅಣ್ಣ, ಕೈಮೇಲೆ ಹಣ’ ಅನ್ನುವವನಿಗೆ ಗಿರಾಕಿ ನಾವೇ.

ಖರ್ಚಿನ ಮಾತೂ ಬರ್ತದೆ. ತಕ್ಕಡಿಗೆ ಇನ್ನೊಂದು ಅಂಕಿಪಟ್ಟಿ, ಚೀಟಿ ಅಚ್ಚು ಹಾಕುವ ಸಣ್ಣ ಯಂತ್ರ, ಇವು ಬಸ್ಸಿನ ಕಂಡಕ್ಟರ ಕೈಯಲ್ಲೂ ಹೋಟೆಲಿನ ಗಲ್ಲದಲ್ಲೂ ಇರುವ ವಸ್ತುಗಳು. ಖರೀದಿ ಕೇಂದ್ರಕ್ಕೆ ಭಾರವಲ್ಲ.

ಮೈಸೂರಿನಲ್ಲೇ ಕೂತು ಬರೆಯಬಹುದು

ಇಂಥ ಮಾನದಂಡ ಯೋಜಿಸಲು ಮೈಸೂರಿಗಿಂತ ಒಳ್ಳೆಯ ಜಾಗ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಕಾಳಿನ ತೇವ, ಗುಣಮಟ್ಟ ಗೊತ್ತಿರುವ ವಿಜ್ಞಾನಿಗಳು ಇರುವ ಸಿಎಫ್‌ಟಿಆರ್‌ಐ 1950ರಿಂದ ಇದೇ ಊರಿನಲ್ಲಿದೆ. ಅಧಿಕಾರಿಗಳಿಗೆ ತರಬೇತಿ ಕೊಡುವ ಆಡಳಿತ ತರಬೇತಿ ಸಂಸ್ಥೆ ಲಲಿತಮಹಲ್ ರಸ್ತೆಯಲ್ಲಿದೆ. ವರ್ತಕರು, ಹಮಾಲರು, ತೂಕದವರು ಬಂಡೀಪಾಳ್ಯದಲ್ಲಿದ್ದಾರೆ. ಎಲ್ಲವೂ ಒಂದು ಸಿಟಿ ಬಸ್ಸಿನ ದೂರ. ಇವರ ಜತೆಗೆ ಹೆಗ್ಗಡದೇವನಕೋಟೆ, ಹುಣಸೂರು, ನಂಜನಗೂಡು, ತಿ. ನರಸೀಪುರದಿಂದ ನಾಲ್ಕಾರು ರಾಗಿ ಬೆಳೆಗಾರರು, ಅವರಲ್ಲಿ ಅರ್ಧ ಹೆಂಗಸರು, ವಾರಕ್ಕೆ ಮಾಡುವವರು ಒಬ್ಬಿಬ್ಬರು ಕೂರಲಿ. ಕರಡು ಬರೆದು ಒಂದು ಸುಗ್ಗಿ ಎರಡೇ ಕೇಂದ್ರದಲ್ಲಿ ನಡೆಸಿ ನೋಡಲಿ. ತಪ್ಪು ಕಂಡದ್ದನ್ನು ತಿದ್ದಿ ಆಮೇಲೆ ರಾಜ್ಯಕ್ಕೆಲ್ಲ ಹರಡಲಿ. ಹೊಸ ತಳಿ ಬಂದರೆ ನಾವೂ ಮೊದಲ ವರ್ಷ ಒಂದು ಮೂಲೆಯಲ್ಲಿ ಹಾಕಿ ನೋಡಿ ತಾನೇ ಹೊಲಕ್ಕೆಲ್ಲ ಬಿತ್ತೋದು?

ಅಲ್ಲಿವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಈ ಎಂಟು ಮಾತನ್ನು ನಿಮ್ಮ ಗ್ರಾಮಸಭೆಯಲ್ಲಿ ಓದಿ ನಡಾವಳಿಯಲ್ಲಿ ಬರೆಸಿ. ಕೇಂದ್ರಕ್ಕೆ ಹೋದಾಗ ತೂಕದ ಚೀಟಿ, ತೇವದ ಅಂಕಿ ಕೇಳಿ. ಕೊಡದಿದ್ದರೆ ದಿನಾಂಕ, ಹೊತ್ತು, ಹೇಳಿದ ಕಾರಣ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಓದು ಬಾರದಿದ್ದರೆ ಮಕ್ಕಳ ಕೈಲಿ ಬರೆಸಿ. ಹತ್ತು ಊರಿನ ಇಂಥ ನೋಟ್‌ಬುಕ್ಕು ಒಟ್ಟಾದರೆ ಅದನ್ನು ಯಾವ ಕಚೇರಿಯೂ ಸುಲಭವಾಗಿ ತಳ್ಳಿಹಾಕಲಾರದು. ಬರೆದಿಟ್ಟದ್ದನ್ನು ಪತ್ರಿಕೆಗೂ ಕಳಿಸಿ. ನನ್ನ ಪಟ್ಟಿಯಲ್ಲಿ ಬಿಟ್ಟುಹೋದದ್ದು ಇದ್ದರೆ ಸೇರಿಸಿ, ಹೆಚ್ಚಾದದ್ದು ಇದ್ದರೆ ಹೊಡೆದುಹಾಕಿ.